ಪರಿಹಾರದ ಮೂಟೆಯಿಂದ ಒಲೆಯವರೆಗೆ: ಸೊಲ್ಲಾಪುರ, ಜತ್ತ ಸೀಮೆಯ ಹಸಿವಿನ ಲೆಕ್ಕ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳ ಊರುಗಳು ಮುಳುಗಿದಾಗ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಎರಡು ದಿನ ನೀರಿನಲ್ಲಿ ಮುಳುಗಿದ್ದ ಮನೆಯ ಕುಟುಂಬಕ್ಕೆ 10 ಕಿಲೊ ಗೋಧಿ, 10 ಕಿಲೊ ಅಕ್ಕಿ ಉಚಿತ. ಎರಡು ದಿನ ಎಂಬ ಷರತ್ತಿಗೆ ಜನ ಸಿಟ್ಟಿಗೆದ್ದರು, ಅದು ನ್ಯಾಯವಾದ ಸಿಟ್ಟು. ಆದರೆ ಷರತ್ತಿನಷ್ಟೇ ಪ್ರಶ್ನಿಸಬೇಕಾದದ್ದು ಧಾನ್ಯದ ತೂಕ ಮತ್ತು ಬಗೆ. ನೀರು ಇಳಿದ ಊರಿನಲ್ಲಿ ಕರೆಂಟಿಲ್ಲ, ಗಿರಣಿಯ ಮೋಟರಿಗೆ ಕೆಸರು ಹೊಕ್ಕಿದೆ. ಅಂಥಲ್ಲಿ ಇಡಿ ಗೋಧಿ ಕೊಟ್ಟರೆ ಅದನ್ನು ಬೀಸುವುದು ಎಲ್ಲಿ? ಅಕ್ಕಿ ಬೇಯಿಸಲು ಸೌದೆ ಒದ್ದೆ, ಸಿಲಿಂಡರ್ ತೇಲಿಹೋಗಿದೆ, ಬಾವಿಯ ನೀರು ಕೆಟ್ಟಿದೆ. ಕಾಗದದ ಮೇಲೆ ಇಪ್ಪತ್ತು ಕಿಲೊ ಆಹಾರ ತಲುಪಿದೆ, ತಟ್ಟೆಗೆ ಒಂದು ತುತ್ತೂ ಬಿದ್ದಿಲ್ಲ.

ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ ತಾಲೂಕುಗಳ ಕನ್ನಡ ಊರುಗಳಿಗೆ ಬರ ಹೊಸದಲ್ಲ. ಈಗ ಪ್ರವಾಹವೂ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ, ವರ್ಷದ ಹೆಚ್ಚು ಕಾಲ ಒಣಗಿಯೇ ಇರುವ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಊರೂರುಗಳಿಗೆ ನುಗ್ಗಿತು. ಎರಡೂ ಬಗೆಯ ಸಂಕಟದಲ್ಲಿ ಪರಿಹಾರವನ್ನು ಮೂಟೆಯ ಲೆಕ್ಕದಲ್ಲೇ ಅಳೆಯುತ್ತೇವೆ. ಮನೆಯವರು ಈಗಿನ ಸ್ಥಿತಿಯಲ್ಲಿ ಆ ಮೂಟೆಯಿಂದ ಎಷ್ಟು ಉಣ್ಣಬಲ್ಲರು ಎಂದು ಅಳೆಯುವುದಿಲ್ಲ. ಉಳಿದ ತಪ್ಪುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಒಬ್ಬರಿಗೆ ದಿನಕ್ಕೆ ಎಷ್ಟು?

ಜಗತ್ತಿನಾದ್ಯಂತ ಮಾನವೀಯ ನೆರವಿನ ಸಂಸ್ಥೆಗಳು ಯೋಜನೆಗೆ ಬಳಸುವ ಅಂಕಿ, ಸರಾಸರಿ ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ. ಅದರಲ್ಲಿ ಶೇ. 10ರಿಂದ 12 ಭಾಗ ಪ್ರೋಟೀನಿನಿಂದ, ಕನಿಷ್ಠ ಶೇ. 17 ಭಾಗ ಕೊಬ್ಬಿನಿಂದ ಬರಬೇಕು. ಇದನ್ನು ಧಾನ್ಯಕ್ಕೆ ಇಳಿಸಿದರೆ ಹೀಗಾಗುತ್ತದೆ: 400 ಗ್ರಾಂ ಕಾಳು ಅಥವಾ ಹಿಟ್ಟು, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 50 ಗ್ರಾಂ ಪೋಷಕಾಂಶ ಬೆರೆಸಿದ ಪೌಷ್ಟಿಕ ಹಿಟ್ಟು, 15 ಗ್ರಾಂ ಸಕ್ಕರೆ, 5 ಗ್ರಾಂ ಅಯೋಡಿನ್ ಉಪ್ಪು.

ಐದು ಜನರ ಮನೆಗೆ ಹದಿನೈದು ದಿನಕ್ಕೆ ಗುಣಿಸಿ ನೋಡಿ. ಕಾಳು 30 ಕಿಲೊ, ಬೇಳೆ ನಾಲ್ಕೂವರೆ ಕಿಲೊ, ಎಣ್ಣೆ ಎರಡು ಲೀಟರಿಗಿಂತ ತುಸು ಹೆಚ್ಚು, ಪೌಷ್ಟಿಕ ಹಿಟ್ಟು ಮೂರೂಮುಕ್ಕಾಲು ಕಿಲೊ, ಸಕ್ಕರೆ ಒಂದು ಕಿಲೊ ನೂರಿಪ್ಪತ್ತೈದು ಗ್ರಾಂ, ಉಪ್ಪು 375 ಗ್ರಾಂ. 2019ರ ಆ ಇಪ್ಪತ್ತು ಕಿಲೊ ಇದೇ ಮನೆಗೆ ಹತ್ತು ದಿನದ ಕಾಳು ಮಾತ್ರ. ಬೇಳೆ, ಎಣ್ಣೆ ಇಲ್ಲದ ಆ ಊಟದಿಂದ ದಿನಕ್ಕೆ ಸಿಗುವುದು ಸುಮಾರು 1,400 ಕ್ಯಾಲೊರಿ, ಬೇಕಾದದ್ದರ ಮೂರನೆಯ ಎರಡು ಭಾಗ.

ಪಡಿತರ ವ್ಯವಸ್ಥೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಮತ್ತು ಅದಿಲ್ಲದಿದ್ದರೆ ಈ ಸೀಮೆಯ ಗತಿ ಬೇರೆಯೇ ಆಗುತ್ತಿತ್ತು. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೆ ಕೊಡುವುದು ತಿಂಗಳಿಗೆ 5 ಕಿಲೊ. ದಿನಕ್ಕೆ 167 ಗ್ರಾಂ, ಅಂದರೆ ಸುಮಾರು 575 ಕ್ಯಾಲೊರಿ. ಬೇಕಾದದ್ದರ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಂತ್ಯೋದಯ ಕಾರ್ಡಿನ 35 ಕಿಲೊವನ್ನು ಐದು ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ 233 ಗ್ರಾಂ. ಕಾಯ್ದೆ ಹಾಗೆ ರೂಪುಗೊಂಡಿರುವುದು ಉಳಿದ ಮುಕ್ಕಾಲು ಭಾಗವನ್ನು ಮನೆಯವರು ಕೂಲಿಯಿಂದ, ಸ್ವಂತ ಹೊಲದಿಂದ, ಸಂತೆಯಿಂದ ತುಂಬಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ. ಪ್ರವಾಹ ಬಂದಾಗ ಕೂಲಿ, ಹೊಲ, ಸಂತೆ ಮೂರೂ ಒಂದೇ ರಾತ್ರಿಯಲ್ಲಿ ನಿಲ್ಲುತ್ತವೆ. ಆಗ ಪಡಿತರಕ್ಕೆ ಇನ್ನೊಂದಿಷ್ಟು ಸೇರಿಸಿದರಾಯಿತು ಎಂದು ಲೆಕ್ಕ ಹಾಕುವುದು ತಪ್ಪು. ಇಡೀ ಊಟದ ಲೆಕ್ಕವನ್ನೇ ಹಾಕಬೇಕು.

ಎಷ್ಟು ಕೊಟ್ಟರೆ ಸಾಕು ಎಂಬ ಜಗಳ ದಖ್ಖನಿಗೆ ಹಳೆಯದು. 1876–78ರ ಬರದಲ್ಲಿ ಪರಿಹಾರ ಕಾಮಗಾರಿಯ ಗಂಡಾಳಿನ ಕೂಲಿಯನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಮಣ್ಣು ಹೊರುವ ಮೈಗೆ ಇದು ಸಾಲದು ಎಂದು ವಾದಿಸಿದ. ಒಂದು ಪೌಂಡ್ ಅಂದರೆ 454 ಗ್ರಾಂ.

ಜೋಳದ ನಾಡಿನಲ್ಲಿ ಗೋಧಿಯ ಮೂಟೆ

ಸೊಲ್ಲಾಪುರ ಸೀಮೆ ಹಿಂಗಾರಿ ಬಿಳಿಜೋಳದ್ದು. ಮಾಲದಂಡಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ದು, ವರ್ಷದ ಕಾಳನ್ನು ಮನೆಯಲ್ಲೋ ನೆಲದೊಳಗೆ ತೋಡಿದ ಹಗೇವಿನಲ್ಲೋ ತುಂಬಿಡುತ್ತಾರೆ. ಸೆಪ್ಟೆಂಬರ್‌ನ ಪ್ರವಾಹ ಹೊಡೆಯುವುದು ಈ ಲೆಕ್ಕದ ಸರಿಯಾಗಿ ನಡುಮಧ್ಯಕ್ಕೆ. ಹೋದ ಸುಗ್ಗಿಯ ಕಾಳು ಅರ್ಧ ಉಳಿದಿರುತ್ತದೆ, ಅದು ನೆನೆಯುತ್ತದೆ. ಮುಂಗಾರಿಯ ಉದ್ದು, ತೊಗರಿ, ಸೋಯಾ ಹೊಲದಲ್ಲೇ ಕೊಳೆಯುತ್ತವೆ. ಕರಿಮಣ್ಣು ಹದಕ್ಕೆ ಬರದೆ ಹಿಂಗಾರಿ ಬಿತ್ತನೆ ತಡವಾಗುತ್ತದೆ. ಹಾಗಾಗಿ ಪ್ರವಾಹದ ನಿಜವಾದ ಹಸಿವು ಕಾಣಿಸಿಕೊಳ್ಳುವುದು ಟಿವಿ ಕ್ಯಾಮರಾಗಳು ಹೋದ ಮೇಲೆ, ಚಳಿಗಾಲದಲ್ಲಿ. ಪರಿಹಾರ ಅಷ್ಟರಲ್ಲಿ ಮುಗಿದಿರುತ್ತದೆ.

ನೆನೆದ ಜೋಳವನ್ನು ಏನು ಮಾಡಬೇಕು ಎಂದು ಹೇಳುವವರು ಯಾರೂ ಬರುವುದಿಲ್ಲ. ಒಂದೆರಡು ದಿನದೊಳಗೆ ತೆಳ್ಳಗೆ ಹರಡಿ ಒಣಗಿಸಿದರೆ, ಚರಂಡಿಯ ನೀರು ಸೋಕಿರದಿದ್ದರೆ, ಸ್ವಲ್ಪ ಉಳಿಸಿಕೊಳ್ಳಬಹುದು. ಕಾಳಿನ ತೇವ ಶೇ. 14ಕ್ಕಿಂತ ಕೆಳಗೆ ಇಳಿಯಬೇಕು. ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯಬೇಕು, ಮೆತ್ತಗೆ ಅಪ್ಪಚ್ಚಿಯಾಗಬಾರದು. ಬೂಷ್ಟು ಹಿಡಿದು ಮುಗ್ಗಲು ವಾಸನೆ ಬಂದ ಕಾಳನ್ನು ತೊಳೆದರೂ, ಬೇಯಿಸಿದರೂ ಶಿಲೀಂಧ್ರದ ವಿಷ ಹೋಗುವುದಿಲ್ಲ. ದನಕ್ಕೆ ಹಾಕಿದರೂ ಅಪಾಯವೇ. ಮೊಳಕೆಯೊಡೆದ ಜೋಳದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ; ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ಇದರಿಂದಲೇ. ಹೆಸರು, ಮಡಕಿಯ ಮೊಳಕೆ ತಿನ್ನುವ ಹಾಗೆ ಇದನ್ನು ತಿನ್ನಬಾರದು.

ಹಗೇವು ಇರುವ ಊರುಗಳಲ್ಲಿ ಮತ್ತೊಂದು ಮಾತು. ನೀರು ಹೊಕ್ಕ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯಕೂಡದು. ಒದ್ದೆ ಕಾಳು ಹುದುಗಿ ಒಳಗೆಲ್ಲ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ಹಿರಿಯರು ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆರದಿದ್ದರೂ ಪೂರ್ತಿ ನಂಬುವ ಹಾಗಿಲ್ಲ, ಏಕೆಂದರೆ ದೀಪ ಉರಿಯುವಷ್ಟು ಗಾಳಿಯಲ್ಲೂ ಮನುಷ್ಯ ಎಚ್ಚರ ತಪ್ಪಬಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಾಳನ್ನು ಮೇಲಿನಿಂದಲೇ ತೆಗೆಯುವುದು ಸರಿ. ಒಬ್ಬರನ್ನು ಎತ್ತಲು ಇನ್ನೊಬ್ಬರು ಇಳಿಯುವುದರಿಂದಲೇ ಸಾವು ಎರಡು, ಮೂರಾಗುತ್ತದೆ.

ಪರಿಹಾರವಾಗಿ ಬಂದದ್ದನ್ನೆಲ್ಲ ಹಸಿದವರು ತಿನ್ನುತ್ತಾರೆ ಎಂಬ ಎಣಿಕೆಯೂ ಸರಿಯಲ್ಲ. 1972ರ ಬರದಲ್ಲಿ ಈ ಭಾಗದ ಜನ ಅಮೆರಿಕದಿಂದ ಬಂದ ಕೆಂಪು ಮಿಲೊ ಜೋಳ ತಿಂದರು, ಕಾಮಗಾರಿಯ ಜಾಗದಲ್ಲಿ ಹಂಚುತ್ತಿದ್ದ ಸುಕಡಿ ಎಂಬ ಸಿದ್ಧ ಆಹಾರ ತಿಂದರು, ಬೇರೆ ದಾರಿಯಿರಲಿಲ್ಲ. ಆ ಪೀಳಿಗೆ ಮಿಲೊದ ಹೆಸರನ್ನು ಇವತ್ತಿಗೂ ಪ್ರೀತಿಯಿಂದ ಎತ್ತುವುದಿಲ್ಲ. ಅದೇ ಬರ ಕಲಿಸಿದ ಒಳ್ಳೆಯ ಪಾಠವೂ ಇದೆ. 1973ರ ಮೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿದ್ದರು. ಕೈಗೆ ಕೂಲಿ ಬಂದದ್ದರಿಂದ ಸಂತೆಗೆ ಕಾಳು ಬಂತು. ರಾಜ್ಯದ ಉದ್ಯೋಗ ಖಾತರಿ ಯೋಜನೆ ಬೆಳೆದದ್ದು ಈ ಅನುಭವದಿಂದ, ನರೇಗಾ ಬೆಳೆದದ್ದು ಅದರಿಂದ.

ಮೊದಲ ದಿನಕ್ಕೊಂದು, ಹತ್ತನೆಯ ದಿನಕ್ಕೊಂದು

ಮೊದಲ ಮೂರು ದಿನ ಒಲೆಯಿಲ್ಲದ ದಿನಗಳು. ಬೆಂಕಿ ಕೇಳದ ಆಹಾರವೇ ಬೇಕು, ಮತ್ತು ಅದಕ್ಕೆ ಈ ಸೀಮೆ ಹೊರಗೆ ನೋಡಬೇಕಾಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕಾರೆಳ್ಳಿನ ಪುಡಿ, ಬೆಲ್ಲ, ಚುರುಮುರಿ, ಪುಟಾಣಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ 170 ಕ್ಯಾಲೊರಿಯ ಮೇಲಿದೆ. ದಿನಕ್ಕೆ ಎಂಟು ರೊಟ್ಟಿ, 50 ಗ್ರಾಂ ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ ಸೇರಿದರೆ 1,700ರ ಹತ್ತಿರ ಹೋಗುತ್ತದೆ. ಐದು ಜನರ ಮನೆಗೆ ಎರಡು ದಿನಕ್ಕೆ 80 ರೊಟ್ಟಿ. ಮೆತ್ತನೆ ರೊಟ್ಟಿ, ಚಪಾತಿ ಕಳಿಸುವವರ ಮನಸ್ಸು ದೊಡ್ಡದು, ಆದರೆ ಬಿಸಿಯಲ್ಲೇ ಕಟ್ಟಿದ ಚಪಾತಿ ಲಾರಿಯಲ್ಲಿ ಬೆವೆತು ಎರಡನೆಯ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಖಡಕ್ ರೊಟ್ಟಿಯನ್ನೂ ಪೂರ್ತಿ ಆರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ರಟ್ಟಿನ ಡಬ್ಬಿಯಲ್ಲಿಟ್ಟರೆ ಮಾತ್ರ ಒಡೆಯದೆ, ಮೆದುವಾಗದೆ ತಲುಪುತ್ತದೆ. ಅದರ ಜೊತೆ ನೀರು ಹೋಗಲೇಬೇಕು. ಒಣ ರೊಟ್ಟಿ, ಖಾರ ತಿಂದವರು ಬಾಯಾರಿ ಸಿಕ್ಕ ನೀರನ್ನೇ ಕುಡಿಯುತ್ತಾರೆ. ಕುಡಿಯುವುದಕ್ಕೇ ತಲೆಗೆ ದಿನಕ್ಕೆ ಮೂರು ಲೀಟರ್ ಲೆಕ್ಕ ಹಿಡಿಯಬೇಕು, ಅಡುಗೆ, ತೊಳೆಯುವುದೆಲ್ಲ ಸೇರಿ 15 ಲೀಟರ್. ಹಲ್ಲಿಲ್ಲದ ಮುದುಕರಿಗೆ ಖಡಕ್ ರೊಟ್ಟಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅವರಿಗೆ ನೆನೆಸಿದ ಅವಲಕ್ಕಿಯೋ ಗಂಜಿಯೋ ಬೇರೆಯೇ ಬೇಕು.

ಶಾಲೆಯಲ್ಲೋ ಮಠದಲ್ಲೋ ಜನ ಸೇರಿದ ಮೇಲೆ ಸಾಮೂಹಿಕ ಅಡುಗೆ. ಅನ್ನ, ಸಾರು, ಪಲ್ಯ ಎಂದು ಮೂರು ಪಾತ್ರೆ ಏರಿಸುವ ಬದಲು ಹೆಸರುಬೇಳೆಯ ಖಿಚಡಿ ಒಂದೇ ಸಾಕು. ನೂರು ಜನರ ಒಂದು ಹೊತ್ತಿಗೆ 12 ಕಿಲೊ ಅಕ್ಕಿ, 4 ಕಿಲೊ ಹೆಸರುಬೇಳೆ, ಒಂದೂವರೆ ಲೀಟರ್ ಎಣ್ಣೆ, ಅರ್ಧ ಕಿಲೊ ಉಪ್ಪು, 45ರಿಂದ 50 ಲೀಟರ್ ನೀರು. ತಲೆಗೆ 650 ಕ್ಯಾಲೊರಿಗೂ ಹೆಚ್ಚು ಸಿಗುತ್ತದೆ. ತೊಗರಿಬೇಳೆ ಕೇಳುವಷ್ಟು ಸೌದೆಯನ್ನು ಹೆಸರುಬೇಳೆ ಕೇಳುವುದಿಲ್ಲ, ಹೊಟ್ಟೆಗೂ ಹಗುರ. ಕೆಡುವುದು ಸಾಮಾನ್ಯವಾಗಿ ಅಡುಗೆಯಲ್ಲಲ್ಲ, ಕಾಯುವುದರಲ್ಲಿ. ಬೆಳಗ್ಗೆ ಮಾಡಿದ್ದನ್ನು ಗಣ್ಯರು ಬಂದ ಮೇಲೆ ಬಡಿಸೋಣ ಎಂದು ಮಧ್ಯಾಹ್ನದವರೆಗೆ ಮುಚ್ಚಿಟ್ಟರೆ ಸಂಜೆಗೆ ವಾಂತಿ, ಭೇದಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಬಡಿಸಿ ಮುಗಿಸಬೇಕು, ಉಳಿದದ್ದನ್ನು ರಾತ್ರಿಗೆ ಇಡಬಾರದು.

ಮನೆಗೆ ಮರಳಿದ ಮೇಲೆ ಹದಿನೈದು ದಿನದ ಕಿಟ್. ಇಲ್ಲಿ ಗೋಧಿಯಾದರೆ ಹಿಟ್ಟಾಗಿಯೇ ಕೊಡಬೇಕು. ಜೋಳದ ಹಿಟ್ಟು ಮಾತ್ರ ಮುಂಚಿತವಾಗಿ ಬೀಸಿಡುವ ವಸ್ತುವಲ್ಲ. ಹಳತಾದ ಹಿಟ್ಟು ಕಹಿಯಾಗುತ್ತದೆ, ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಹತ್ತಿರದ, ಕರೆಂಟಿರುವ ಊರಿನ ಗಿರಣಿಯಲ್ಲಿ ಬೀಸಿ ಆ ವಾರವೇ ಹಂಚಬೇಕು. ಮೂವತ್ತು ಕಿಲೊದ ಒಂದೇ ಚೀಲ ಮಾಡಿದರೆ ಒಂಟಿ ವಿಧವೆ ಅದನ್ನು ಹೊರಲಾರಳು, ಹೊತ್ತುಕೊಟ್ಟವನಿಗೆ ಅದರಲ್ಲೇ ಪಾಲು ಕೊಡಬೇಕಾಗುತ್ತದೆ. ಹತ್ತು ಕಿಲೊದ ಮೂರು ಚೀಲ ಮಾಡುವುದು ಸುಲಭದ ಕೆಲಸ. ಎಣ್ಣೆಯ ಪಾಕೀಟು ಹಿಟ್ಟಿನ ಚೀಲದೊಳಗೆ ಹಾಕಿದರೆ ಎರಡೂ ಹಾಳು.

ಅಂಗಡಿ, ಸಂತೆ ಮತ್ತೆ ತೆರೆದ ಮೇಲೆ ಹಣವೇ ಒಳ್ಳೆಯದು. ಹಣ ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಮನೆಯ ಹೆಂಗಸಿನ ಖಾತೆಗೆ ಹಾಕಿದರೆ ಆ ಮಾತಿಗೆ ಅರ್ಧ ಉತ್ತರ ಸಿಗುತ್ತದೆ. ನಿಜವಾಗಿ ನೋಡಬೇಕಾದ್ದು ಬೇರೆ: ಉಮದಿಯದೋ ಸಂಖದೋ ಸಂತೆಗೆ ವ್ಯಾಪಾರಿಗಳು ಮತ್ತೆ ಮಾಲು ತರುತ್ತಿದ್ದಾರೆಯೇ, ಜೋಳದ ದರ ಎಷ್ಟು ಏರಿದೆ, ಬ್ಯಾಂಕ್ ಎಷ್ಟು ದೂರ, ಖಾತೆ ಚಾಲ್ತಿಯಲ್ಲಿದೆಯೇ. ಕೇಂದ್ರದ 2022–26ರ ವಿಪತ್ತು ಪರಿಹಾರ ನಿಯಮದಲ್ಲಿ ಜೀವನೋಪಾಯ ಕಳೆದುಕೊಂಡ ಕುಟುಂಬದ ಇಬ್ಬರು ವಯಸ್ಕರಿಗೆ ನರೇಗಾ ಕೂಲಿಯ ದರದಲ್ಲಿ ದಿನಭತ್ಯೆಗೆ ಅವಕಾಶವಿತ್ತು. ಊರಿನ ಕಂದಾಯ ಅಧಿಕಾರಿ ತಲಾಠಿಯ ಪಂಚನಾಮೆಯಲ್ಲಿ ಬೆಳೆ, ಮನೆ ಮಾತ್ರ ಬರೆದು ಕೂಲಿ ಹೋದದ್ದನ್ನು ಬರೆಯದಿದ್ದರೆ ಭೂಮಿಯಿಲ್ಲದವರಿಗೆ ಇಂಥ ಭತ್ಯೆ ಸಿಗುವುದು ಕಷ್ಟ.

ಹಾಲಿನ ಪುಡಿಯ ಡಬ್ಬಿಗಳನ್ನು ದಯವಿಟ್ಟು ಕಳಿಸಬೇಡಿ. ಕೊಳಕು ನೀರು, ತೊಳೆಯದ ಬಾಟಲಿಯಲ್ಲಿ ಕಲಸಿದ ಪುಡಿಹಾಲು ಕೂಸನ್ನು ಹಸಿವಿಗಿಂತ ಬೇಗ ಕೊಲ್ಲುತ್ತದೆ, ಆ ವಾರದಲ್ಲಿ ತಾಯಿಯ ಎದೆಹಾಲೂ ಬತ್ತುತ್ತದೆ. ಶಿಶುಗಳ ಹಾಲಿನ ಪುಡಿ, ಬಾಟಲಿಗಳನ್ನು ದಾನವಾಗಿ ಹಂಚುವುದನ್ನು ನಮ್ಮ ದೇಶದ 1992ರ ಕಾಯ್ದೆ ನಿರ್ಬಂಧಿಸಿದೆ. ಬಾಣಂತಿಗೆ ಹೆಚ್ಚು ಊಟ, ನೀರು, ಕೂತು ಹಾಲೂಡಿಸಲು ಒಂದು ಮರೆ ಇವನ್ನು ಕೊಟ್ಟರೆ ಕೂಸಿಗೆ ಕೊಟ್ಟಂತೆ. ತಾಯಿಯಿಲ್ಲದ ಕೂಸಿನ ಹೊಣೆಯನ್ನು ಆರೋಗ್ಯ ಕೇಂದ್ರ ಹೊರಬೇಕು, ದಾನಿಗಳಲ್ಲ.

ಲಾರಿಗಳು ಹೆದ್ದಾರಿಯ ಪಕ್ಕದ ಊರಲ್ಲೇ ಖಾಲಿಯಾಗುತ್ತವೆ. ಅಲ್ಲಿ ಒಂದು ಮನೆಗೆ ಮೂರು ಕಿಟ್, ಒಳಗಿನ ವಸ್ತಿಗೆ ಒಂದೂ ಇಲ್ಲ. ಹಂಚುವ ಜಾಗವನ್ನು ದಲಿತ ಕೇರಿಯಲ್ಲಿ, ಅಲೆಮಾರಿ ಪಾರ್ಧಿಗಳ ಡೇರೆಗಳಲ್ಲಿ, ತೋಟದ ವಸ್ತಿಯಲ್ಲಿ ಇಡಬೇಕು. ಯಾರಿಗೆ ಏನು ಸಿಕ್ಕಿತು, ಎಷ್ಟು ತೂಕ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಮರಾಠಿ, ಕನ್ನಡ ಎರಡರಲ್ಲೂ ಅಂಟಿಸಬೇಕು. ಕನ್ನಡ ಮಾತ್ರ ಓದಬಲ್ಲ ಹಿರಿಯ ಹೆಂಗಸರಿಗೆ ತಮ್ಮ ಪಾಲು ಎಷ್ಟೆಂದು ಗೊತ್ತಾಗದೆ ಹೋದರೆ ಕೇಳುವುದಾದರೂ ಹೇಗೆ?

ಸದ್ದಿಲ್ಲದ ಸಂಕಟ

ಪ್ರವಾಹ ಕಣ್ಣಿಗೆ ಕಾಣುತ್ತದೆ, ಬರ ಕಾಣುವುದಿಲ್ಲ. ಹಸಿವನ್ನು ಐದು ಹಂತಗಳಾಗಿ ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯೊಂದು 2004ರಲ್ಲಿ ಸೊಮಾಲಿಯಾದಲ್ಲಿ ಶುರುವಾಯಿತು. ಐದನೆಯದು ಕ್ಷಾಮ: ಐದರಲ್ಲಿ ಒಂದು ಮನೆಗೆ ಆಹಾರ ಬಹುತೇಕ ಇಲ್ಲ, ಶೇ. 30 ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ ಹತ್ತು ಸಾವಿರಕ್ಕೆ ಇಬ್ಬರ ಸಾವು. 2024ರ ಆಗಸ್ಟ್‌ನಲ್ಲಿ ಸುಡಾನಿನ ಝಮ್‌ಝಮ್ ಶಿಬಿರದಲ್ಲಿ, 2025ರ ಆಗಸ್ಟ್ 22ರಂದು ಗಾಜಾದಲ್ಲಿ ಈ ಹಂತ ದೃಢಪಟ್ಟಿತು. ಅಲ್ಲಿನ ಕಾರಣ ಯುದ್ಧ ಮತ್ತು ಮುಚ್ಚಿದ ದಾರಿಗಳು. ನಮ್ಮ ಸೀಮೆಯ ಸ್ಥಿತಿ ಅದಲ್ಲ, ಹೋಲಿಸುವುದು ಆ ಜನರಿಗೆ ಅನ್ಯಾಯ. ಆದರೆ ಆ ಪದ್ಧತಿಯ ಒಂದು ಸಣ್ಣ ಸಲಕರಣೆಯನ್ನು ಜತ್ತದ ಯಾವ ಪಂಚಾಯಿತಿಯೂ ಖರ್ಚಿಲ್ಲದೆ ಬಳಸಬಹುದು.

ಹೋದ ಏಳು ದಿನಗಳಲ್ಲಿ ಎಷ್ಟು ದಿನ ಹೀಗಾಯಿತು ಎಂದು ಮನೆಯಲ್ಲಿ ಐದು ಪ್ರಶ್ನೆ ಕೇಳುವುದು. ಇಷ್ಟವಿಲ್ಲದ, ಅಗ್ಗದ ಆಹಾರ ತಿಂದಿರಾ? ಆಹಾರ ಕೈಗಡ ತಂದಿರಾ? ಬಡಿಸುವುದನ್ನು ಕಡಿಮೆ ಮಾಡಿದಿರಾ? ಮಕ್ಕಳು ಉಣ್ಣಲಿ ಎಂದು ದೊಡ್ಡವರು ಬಿಟ್ಟಿರಾ? ಹೊತ್ತು ತಪ್ಪಿಸಿದಿರಾ? ಕೈಗಡದ ದಿನಗಳನ್ನು ಎರಡರಿಂದ, ದೊಡ್ಡವರು ಬಿಟ್ಟ ದಿನಗಳನ್ನು ಮೂರರಿಂದ ಗುಣಿಸಿ, ಉಳಿದವನ್ನು ಹಾಗೇ ಕೂಡಿಸಬೇಕು. ಐದು ದಿನ ಅಗ್ಗದ್ದು, ಎರಡು ದಿನ ಕೈಗಡ, ನಾಲ್ಕು ದಿನ ಕಡಿಮೆ ಬಡಿಸಿದ್ದು, ಮೂರು ದಿನ ತಾಯಿ ಬಿಟ್ಟದ್ದು, ನಾಲ್ಕು ದಿನ ಹೊತ್ತು ತಪ್ಪಿಸಿದ್ದು ಎಂದರೆ 5, 4, 4, 9, 4. ಒಟ್ಟು 26. ಹತ್ತೊಂಬತ್ತು ಮುಟ್ಟಿದರೆ ಅದು ಮೂರನೆಯ ಹಂತದ, ಸಂಕಟದ ಗುರುತು. ಅಂಥ ಮನೆಗಳು ಜನವರಿಯಲ್ಲಿ ಎಷ್ಟು, ಏಪ್ರಿಲ್‌ನಲ್ಲಿ ಎಷ್ಟು ಎಂದು ಗೊತ್ತಿದ್ದರೆ ಬರ ಘೋಷಣೆಗೆ ಕಾಯದೆ ಕೆಲಸ ಶುರುಮಾಡಬಹುದು.

2019ರ ಬೇಸಿಗೆಯಲ್ಲಿ ಸೊಲ್ಲಾಪುರ, ಸಾಂಗಲಿಯಲ್ಲಿ ದನಗಳಿಗೆ ಮೇವಿನ ಛಾವಣಿಗಳು, ಅಂದರೆ ದನಗಳನ್ನು ಕಟ್ಟಿ ಮೇವು ಹಾಕುವ ಶಿಬಿರಗಳು, ತೆರೆದವು. ಅವು ಬೇಕೇಬೇಕು, ಎತ್ತು ಮಾರಿದ ರೈತ ಮತ್ತೆ ಏಳುವುದು ಕಷ್ಟ. ಆದರೆ ದನದ ಜೊತೆ ಮನೆಯ ಒಬ್ಬರು ಛಾವಣಿಯಲ್ಲೇ ಉಳಿಯುತ್ತಾರೆ, ಒಂದು ಮನೆಯ ಒಲೆ ಎರಡಾಗುತ್ತದೆ, ರೇಶನ್ ಮಾತ್ರ ಒಂದೇ. ಛಾವಣಿಯಲ್ಲಿ ಮೇವಿನ ಜೊತೆ ಮನುಷ್ಯರಿಗೂ ಒಂದು ಹೊತ್ತಿನ ಅಡುಗೆ ಇರಬೇಕೆಂಬುದನ್ನು ನಿಯಮದಲ್ಲೇ ಸೇರಿಸಬೇಕು.

2016ರ ಮೇ 13ರಂದು ಸುಪ್ರೀಂ ಕೋರ್ಟ್ ಬರಪೀಡಿತ ರಾಜ್ಯಗಳ ಪ್ರಕರಣದಲ್ಲಿ, ರೇಶನ್ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಬರಪೀಡಿತ ಪ್ರದೇಶದ ಯಾವ ಮನೆಗೂ ಧಾನ್ಯ ನಿರಾಕರಿಸಬಾರದು, ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಬಿಸಿಯೂಟ ನಡೆಯಬೇಕು ಎಂದಿತು. ತಹಸೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಈ ಆದೇಶವನ್ನು ಹೆಸರಿಸಿ ಬರೆಯುವುದು ಫಲ ಕೊಡುತ್ತದೆ. ಪ್ರವಾಹದಲ್ಲಿ ಇದಕ್ಕೆ ಉಲ್ಟಾ ನಡೆಯುತ್ತದೆ: ಶಾಲೆ, ಅಂಗನವಾಡಿಗಳೇ ಆಶ್ರಯ ಶಿಬಿರವಾಗಿ, ಮಕ್ಕಳ ಊಟ ಅತ್ಯಂತ ಬೇಕಾದ ವಾರದಲ್ಲೇ ನಿಲ್ಲುತ್ತದೆ.

ಬರದ ವರ್ಷದಲ್ಲಿ ಜತ್ತ, ಮಂಗಳವೇಢೆಯ ಕುಟುಂಬಗಳು ದಸರೆ, ದೀಪಾವಳಿಯ ಹೊತ್ತಿಗೆ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಹೋಗುತ್ತವೆ. ಕೆಲವು ಟೋಳಿಗಳು ಕೊಲ್ಹಾಪುರದ ಕಡೆ, ಕೆಲವು ಗಡಿ ದಾಟಿ ಅಥಣಿ, ಚಿಕ್ಕೋಡಿಯ ಕಡೆ. ಒಂದು ದೇಶ ಒಂದು ರೇಶನ್ ಕಾರ್ಡ್ ವ್ಯವಸ್ಥೆ 2022ರ ಜೂನ್‌ನಿಂದ ಎಲ್ಲ ರಾಜ್ಯಗಳಲ್ಲೂ ಇದೆ. ಮಹಾರಾಷ್ಟ್ರದ ಕಾರ್ಡಿನಿಂದ ಕರ್ನಾಟಕದ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು, ಮನೆಯ ಅರ್ಧ ಜನ ಊರಲ್ಲಿದ್ದರೆ ಅವರ ಪಾಲನ್ನು ಊರಲ್ಲೇ ಬಿಡಬಹುದು. ಕರ್ನಾಟಕ ತನ್ನವರಿಗೆ ಕೊಡುವ ಹೆಚ್ಚುವರಿ ಮಾತ್ರ ಸಿಗದು. ಕೆಡುವುದು ಬೆರಳಚ್ಚಿನಲ್ಲಿ. ಕಬ್ಬಿನ ಸೋಗೆ, ಕೊಯಿತಾದಿಂದ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಳೆಯದಾಗಿದ್ದರೆ ಒಟಿಪಿಯೂ ಬರುವುದಿಲ್ಲ. ಟೋಳಿ ಹೊರಡುವ ಮುನ್ನ, ಸೆಪ್ಟೆಂಬರ್‌ನಲ್ಲೇ, ಊರಿನ ರೇಶನ್ ಅಂಗಡಿಯ ಮುಂದೆ ಒಂದು ದಿನ ಶಿಬಿರ ಹಾಕಿ ಮನೆಯ ಎಲ್ಲರ ಬೆರಳಚ್ಚು ಪರೀಕ್ಷಿಸಿ, ಮೊಬೈಲ್ ಸಂಖ್ಯೆ ಸರಿಪಡಿಸಿ ಕಳಿಸಬೇಕು.

ಅದೇ ದಿನ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ ನೋಡಬೇಕು. ಎಡತೋಳಿನ ನಡುಭಾಗದಲ್ಲಿ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮಗು ಸೊರಗುತ್ತಿದೆ, 11.5ಕ್ಕಿಂತ ಕೆಳಗೆ ಇಳಿದರೆ ಅಥವಾ ಎರಡೂ ಪಾದ ಊದಿದ್ದರೆ ತಕ್ಷಣ ಚಿಕಿತ್ಸೆ ಬೇಕು. ಅಂಥ ಮಗುವನ್ನು ಹೊರಡುವ ಟ್ರ್ಯಾಕ್ಟರಿಗೆ ಹತ್ತಿಸದೆ ಅಜ್ಜಿಯ ಬಳಿ ಬಿಟ್ಟು, ಮುಂಗಡದ ದುಡ್ಡಿನಲ್ಲಿ ಹಾಲಿಗೆಂದು ಕೊಂಚ ತೆಗೆದಿಡಲು ತಾಯಿಗೆ ಹೇಳುವುದಷ್ಟೇ ಸಾಲದು. ಅಳತೆಯನ್ನು ಒಂದು ಚೀಟಿಯಲ್ಲಿ ಎರಡೂ ಭಾಷೆಯಲ್ಲಿ ಬರೆದು ಕೊಟ್ಟರೆ, ಜೊತೆಗೆ ಬಂದ ಉಳಿದ ಮಕ್ಕಳನ್ನು ಅಥಣಿ ಕಡೆಯ ಅಂಗನವಾಡಿ ಕಾರ್ಯಕರ್ತೆ ಹೊಸದಾಗಿ ದಾಖಲಾತಿ ಕೇಳದೆ ಅಂದೇ ಊಟಕ್ಕೆ ಕೂರಿಸಬಹುದು, ಫ್ಯಾಕ್ಟರಿ ಬಂದಾಗಿ ಮಾರ್ಚ್‌ನಲ್ಲಿ ಮರಳಿದ ಮೇಲೆ ಅದೇ ಚೀಟಿಯ ಪಕ್ಕ ಹೊಸ ಅಳತೆ ಬರೆಯಬಹುದು.